ವಿಚ್ಛೇದನ ವಿವಾದ ಮತ್ತು ಮೊಹಲ್ಲಾದ ಹೊಣೆ

ಏಕಸಂಬಿಯ ಹೆಣ್ಣುಮಗಳನ್ನು ಇಚಲಕರಂಜಿಗೋ ಕಾಗಲಿಗೋ ಕೊಡುವಾಗ ರಾಜ್ಯದ ಗಡಿಯನ್ನು ಯಾರೂ ಲೆಕ್ಕಿಸುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಭಾಗದ ಕುಟುಂಬಗಳ ನೆಂಟಸ್ತಿಕೆ ಎರಡೂ ಕಡೆ ಹಬ್ಬಿದೆ. ಗಡಿ ನೆನಪಾಗುವುದು ದಾಂಪತ್ಯ ಮುರಿದಾಗ. ಪತಿ ಮಹಾರಾಷ್ಟ್ರದಲ್ಲಿ ದಾವೆ ಹೂಡುತ್ತಾನೆ, ಪತ್ನಿ ಚಿಕ್ಕೋಡಿಯಲ್ಲಿ ಜೀವನಾಂಶ ಕೇಳುತ್ತಾಳೆ. ಅಲ್ಲಿಯ ದಾವೆಯನ್ನು ಇಲ್ಲಿಗೆ ವರ್ಗಾಯಿಸುವ ಅಧಿಕಾರ ಧಾರವಾಡದ ಹೈಕೋರ್ಟ್ ಪೀಠಕ್ಕೂ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ವರ್ಗಾವಣೆಗೆ ಸುಪ್ರೀಂ ಕೋರ್ಟನ್ನೇ ಕೇಳಬೇಕು. ಬೀಡಿ ಕಟ್ಟಿ ಬದುಕುವವಳಿಗೆ ದಿಲ್ಲಿ ಎಷ್ಟು ದೂರವೆಂದು ನಾವು ವಿವರಿಸಬೇಕಿಲ್ಲ.

ಇಂತಹ ಅಲೆದಾಟವನ್ನು ತಪ್ಪಿಸಲು ಅಮೆರಿಕದ ಮಿನಿಯಾಪೊಲಿಸ್‌ನ ಸ್ಟುವರ್ಟ್ ವೆಬ್ ಎಂಬ ವಕೀಲರು 1990ರಲ್ಲಿ ಒಂದು ಕ್ರಮ ಆರಂಭಿಸಿದರು. ಅದನ್ನು ಸಹಯೋಗಿ ಕಾನೂನು ಎನ್ನಬಹುದು. ಪತಿಗೊಬ್ಬ, ಪತ್ನಿಗೊಬ್ಬ ವಕೀಲರಿರುತ್ತಾರೆ. ನಾಲ್ವರೂ ಒಟ್ಟಿಗೆ ಕುಳಿತು ಆದಾಯ, ಆಸ್ತಿ, ಸಾಲಗಳನ್ನು ಮುಚ್ಚಿಡದೆ ತೆರೆದಿಡುತ್ತಾರೆ. ಮಾತುಕತೆ ಮುರಿದು ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಆ ಇಬ್ಬರೂ ವಕೀಲರು ಹಿಂದೆ ಸರಿಯಬೇಕು. ಜಗಳ ಬೆಳೆದಷ್ಟೂ ವಕೀಲರಿಗೆ ಶುಲ್ಕ ಎಂಬ ಸ್ಥಿತಿ ಹೀಗೆ ಇಲ್ಲವಾಗುತ್ತದೆ.

ಈ ಕ್ರಮವನ್ನು ಓದುವಾಗ ನಮಗೆ ಅನ್ನಿಸಾ ಅಧ್ಯಾಯದ 35ನೇ ಸೂಕ್ತ ನೆನಪಾಗದಿರದು. ಬಿರುಕಿನ ಭಯವಿದ್ದರೆ ಗಂಡನ ಕಡೆಯಿಂದ ಒಬ್ಬ, ಹೆಂಡತಿಯ ಕಡೆಯಿಂದ ಒಬ್ಬ ತೀರ್ಪುಗಾರನನ್ನು ನೇಮಿಸಿರೆಂದು ಕುರ್‌ಆನ್ ಆದೇಶಿಸುತ್ತದೆ. ಅದರ ಮೊದಲ ಗುರಿ ಸಂಧಾನವೇ. ಅದು ಫಲಿಸದಾಗ ಬೀಳ್ಕೊಡುವುದೂ ಸೌಜನ್ಯದಿಂದಲೇ ಆಗಬೇಕೆಂಬುದು ಅಲ್ ಬಕರ ಅಧ್ಯಾಯದ ಬೋಧನೆ.

ಆದರೆ ನಮ್ಮ ಮೊಹಲ್ಲಾಗಳಲ್ಲಿ ನಡೆಯುತ್ತಿರುವುದೇನು? ಪಂಚಾಯಿತಿಯಲ್ಲಿ ಕೂರುವವರೆಲ್ಲ ಪುರುಷರು. ಹೆಂಡತಿಯ ಪರವಾಗಿ ಮಾತನಾಡಬೇಕಾದ ಎರಡನೆಯ ತೀರ್ಪುಗಾರನೇ ಅಲ್ಲಿಲ್ಲ. ಅವಳು ಪರದೆಯ ಆಚೆ, ಅವಳ ಹೆಬ್ಬೆಟ್ಟು ಮಾತ್ರ ಛಾಪಾ ಕಾಗದದ ಮೇಲೆ. ಖುಲಾದ ಹೆಸರಿನಲ್ಲಿ ಮಹ್ರನ್ನು ಬಿಡಿಸಿಕೊಳ್ಳುವುದೂ ಉಂಟು. ಬಿಡುಗಡೆ ಬಯಸಿದವನು ಪತಿಯಾಗಿದ್ದರೆ ಅದು ಖುಲಾ ಹೇಗಾಗುತ್ತದೆ? ಇಂತಹ ಪಂಚಾಯಿತಿಗಿಂತ ನ್ಯಾಯಾಲಯದ ಅಲೆದಾಟವೇ ಲೇಸು ಎಂದು ಸಹೋದರಿಯರು ಭಾವಿಸಿದರೆ ಅವರನ್ನು ದೂರಲು ನಮಗೆ ಅಧಿಕಾರವಿಲ್ಲ. ದಾರುಲ್ ಕಝಾಗಳ ತೀರ್ಪಿಗೆ ಕಾನೂನಿನ ಬಲವಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಆದ್ದರಿಂದ ನಮ್ಮ ಸಂಧಾನದ ಬಲವೆಲ್ಲ ಅದರ ನ್ಯಾಯನಿಷ್ಠೆಯಲ್ಲಿದೆ. ಒಂದೇ ಉಸಿರಿನ ಮೂರು ತಲಾಕ್ 2017ರ ತೀರ್ಪಿನಿಂದ ಅಸಿಂಧುವಾಗಿ, 2019ರ ಕಾಯ್ದೆಯಿಂದ ಮೂರು ವರ್ಷಗಳವರೆಗೆ ಸೆರೆವಾಸದ ಅಪರಾಧವೂ ಆಗಿದೆ. ಅದನ್ನು ಊರ್ಜಿತಗೊಳಿಸಲು ಯಾವ ಅಂಜುಮನ್‌ಗೂ ಸಾಧ್ಯವಿಲ್ಲ.

ಮಾರ್ಗಗಳು ಇಲ್ಲದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ವಕೀಲರು ದೊರೆಯುತ್ತಾರೆ. ತಾಲೂಕು ಸಮಿತಿಗೆ ಅರ್ಜಿ ಕೊಟ್ಟರಾಯಿತು. ಇಬ್ಬರೂ ಬೇರ್ಪಡಲು ಒಪ್ಪಿದರೆ ಶರೀಅತ್ತಿನಲ್ಲಿ ಮುಬಾರಾತ್ ಇದೆ. ಜೀವನಾಂಶ, ಮಹ್ರ್, ಸಾಮಾನುಗಳ ಒಪ್ಪಂದವನ್ನು ಲೋಕ ಅದಾಲತ್ತಿನಲ್ಲಿ ದಾಖಲಿಸಿದರೆ ಅದಕ್ಕೆ ಡಿಕ್ರಿಯ ಬಲ ಬರುತ್ತದೆ. ಮಕ್ಕಳ ಪಾಲನೆಯ ವಿಚಾರವನ್ನು ಮಾತ್ರ ಚೌಕಾಶಿಗೆ ಇಡಬಾರದು. ಮಗುವಿನ ಹಿತಕ್ಕೆ ವಿರುದ್ಧವಾದ ಒಪ್ಪಂದಕ್ಕೆ ನ್ಯಾಯಾಲಯ ಕಟ್ಟುಬೀಳುವುದಿಲ್ಲ. ಹೊಡೆತ ತಿಂದವಳನ್ನು ಹೊಡೆದವನ ಎದುರು ಕೂರಿಸುವುದೂ ಸಲ್ಲದು. ಅವಳಿಗೆ ಬೇಕಾದದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ.

ಏಕಸಂಬಿ, ರಾಯಬಾಗ, ಅಥಣಿಗಳ ಜಮಾಅತ್ ಕಮಿಟಿಗಳು ಇಂದೇ ಮಾಡಬಹುದಾದ ಕೆಲಸವೊಂದಿದೆ. ನಿಕಾಹ್ ದಫ್ತರದಲ್ಲಿ ಮಹ್ರ್ ಎಷ್ಟು, ಸಂದಾಯವಾದದ್ದೆಷ್ಟು, ವಧುವಿಗೆ ತವರಿನಿಂದ ಬಂದ ಒಡವೆ ಯಾವುದು ಎಂಬುದನ್ನು ಎರಡೂ ಕಡೆಯವರ ಸಹಿಯೊಂದಿಗೆ ಬರೆದಿಡಲಿ, ಅದರ ಪ್ರತಿಯೊಂದನ್ನು ವಧುವಿನ ಕೈಗೇ ಕೊಡಲಿ.