ಚಾಡಿ ಎಂಬ ಮಾತು

‘ಮಿಸ್, ಅವರೆಲ್ಲ ಸೇರಿ ಇವನ ಬ್ಯಾಗನ್ನ ಕಿಟಕಿಯಾಚೆ ಎಸೆದ್ರು’ ಎಂದು ಮಗು ಬಂದು ಹೇಳಿದರೆ ನಮ್ಮ ಶಾಲೆಗಳಲ್ಲಿ ಬಹಳ ಸಲ ಸಿಗುವ ಉತ್ತರ: ‘ಚಾಡಿ ಹೇಳ್ಬೇಡ, ಹೋಗಿ ಕೂತ್ಕೋ.’ ಪೆನ್ಸಿಲ್ಲು, ರಬ್ಬರು, ಬೆಂಚಿನ ಜಾಗಕ್ಕಾಗಿ ದಿನವಿಡೀ ನಡೆಯುವ ಜಗಳಗಳ ನಡುವೆ ಪಾಠ ಮುಗಿಸಬೇಕಾದ ಶಿಕ್ಷಕರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆ ಒಂದು ಮಾತಿನಿಂದ ಕಾಟ ಕೊಟ್ಟವರಿಗೆ ಧೈರ್ಯ ಬರುತ್ತದೆ, ಕಾಟ ತಿಂದವನು ಬಾಯಿ ಮುಚ್ಚುತ್ತಾನೆ, ಹೇಳಲು ಬಂದ ಮಗು ಇನ್ನೊಮ್ಮೆ ಬರುವುದಿಲ್ಲ. ಶಾಲೆಯಲ್ಲಿ ಕಿರುಕುಳ ತಡೆಯಬೇಕಾದರೆ ಹೀಗೆ ಹೇಳಲು ಬರುವ ಮಗುವನ್ನು ಮೊದಲು ಉಳಿಸಿಕೊಳ್ಳಬೇಕು.

1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬೇಕು ಎಂಬ ಸುದ್ದಿ ಆ ದೇಶವನ್ನು ಅಲ್ಲಾಡಿಸಿತು. ಮರುವರ್ಷವೇ ಸರ್ಕಾರ ದೇಶದಾದ್ಯಂತ ಶಾಲೆಗಳಲ್ಲಿ ಅಭಿಯಾನ ಹೂಡಿತು. ಮನೋವಿಜ್ಞಾನಿ ಡಾನ್ ಓಲ್ವಿಯಸ್ ಬರ್ಗೆನ್‌ನ 42 ಶಾಲೆಗಳ ಸುಮಾರು 2500 ಮಕ್ಕಳನ್ನು ಎರಡೂವರೆ ವರ್ಷ ಗಮನಿಸಿದಾಗ ಕಿರುಕುಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅಲ್ಲಿ ಮಾಡಿದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಬಿಡುವಿನ ಹೊತ್ತಿನಲ್ಲಿ ಮೈದಾನದ ಮೇಲೆ ದೊಡ್ಡವರು ಕಣ್ಣಿಟ್ಟರು, ಮಕ್ಕಳನ್ನು ಕೂರಿಸಿಕೊಂಡೇ ತರಗತಿಯ ನಿಯಮ ಮಾಡಿದರು, ಆಗಾಗ ಕೂತು ಮಾತಾಡಿದರು. ಮುಂದೆ ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಸುತ್ತ ನಿಂತು ನೋಡುವವರನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಕೆಲವರು ಕೈ ಜೋಡಿಸುತ್ತಾರೆ, ಕೆಲವರು ನಕ್ಕು ಹುರಿದುಂಬಿಸುತ್ತಾರೆ, ಕೆಲವರು ಸರಿದು ನಿಲ್ಲುತ್ತಾರೆ, ಒಬ್ಬಿಬ್ಬರು ಬಿಡಿಸಲು ಬರುತ್ತಾರೆ. ಶಾಲೆಗಳಲ್ಲಿ ಕಿರುಕುಳ ತಡೆಯುವ ಆ ದೇಶದ ‘ಕಿವಾ’ ಕಾರ್ಯಕ್ರಮ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ನಗುವವರು ಇಲ್ಲದಿದ್ದರೆ ಗೇಲಿ ಮಾಡುವವನಿಗೆ ಏನು ದಕ್ಕೀತು?

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ‘ಏ ಕುಳ್ಳ’, ‘ಏ ಸೋಡಾಬುಡ್ಡಿ’ ಎಂದು ಶಿಕ್ಷಕರೇ ಸಲುಗೆಯಿಂದ ಕರೆದಾಗ ಇಡೀ ತರಗತಿಗೆ ಪರವಾನಗಿ ಸಿಕ್ಕಂತೆ. ಮೈಬಣ್ಣ, ಜಾತಿ, ಬುತ್ತಿಯಲ್ಲಿ ತಂದ ಊಟ, ಮಾತಾಡುವ ಧಾಟಿ, ಎಲ್ಲವೂ ಅಡ್ಡಹೆಸರಾಗುತ್ತವೆ. ‘ತಮಾಷೆಗೆ ಅಂದದ್ದು’ ಎಂಬ ಸಮಜಾಯಿಷಿಯನ್ನು ನಾನು ಒಪ್ಪಲಾರೆ. ಅನ್ನಿಸಿಕೊಂಡ ಮಗು ನಗದಿದ್ದರೆ ಅದು ತಮಾಷೆಯಲ್ಲ.

ಒಬ್ಬರನ್ನು ಸಿಕ್ಕಿಸಲು ಹೇಳುವ ಮಾತು ಚಾಡಿ, ಒಬ್ಬರನ್ನು ಕಾಟದಿಂದ ಬಿಡಿಸಲು ಹೇಳುವುದು ದೂರು. ಇಷ್ಟನ್ನು ಒಂದನೇ ತರಗತಿಯ ಮಗುವಿಗೂ ತಿಳಿಸಬಹುದು. ಹೇಳಿದ ಮಗುವಿನ ಹೆಸರನ್ನು ಮಾತ್ರ ತರಗತಿಯೆದುರು ಎತ್ತಬಾರದು. ಮನೆಯಲ್ಲೂ ಅಷ್ಟೇ. ಪಕ್ಕದ ಬೆಂಚಿನ ಹುಡುಗಿಯನ್ನು ಎಲ್ಲರೂ ಅಳಿಸಿದರು ಎಂದು ನಿಮ್ಮ ಮಗು ಬಂದು ಹೇಳಿದರೆ, ‘ನಿನಗ್ಯಾಕೆ ಊರ ಉಸಾಬರಿ’ ಎನ್ನಬೇಡಿ. ಕೈಯಲ್ಲಿದ್ದ ಕೆಲಸ ಬಿಟ್ಟು ಪೂರ್ತಿ ಕೇಳಿ, ಮರುದಿನ ಶಾಲೆಗೆ ಹೋಗಿ ಬನ್ನಿ.