‘ನನ್ನ ಸ್ವಭಾವವೇ ಹಾಗೆ’ ಎನ್ನುವ ಮುನ್ನ

ಚಿಕಿತ್ಸೆಗೆ ಬರುವವರಲ್ಲಿ ಅನೇಕರು ಇತ್ತೀಚೆಗೆ ತಮ್ಮ ಪ್ರಕೃತಿ ಯಾವುದೆಂಬುದನ್ನು ತಾವೇ ನಿರ್ಧರಿಸಿಕೊಂಡು ಬರುತ್ತಾರೆ. “ನನ್ನದು ಪಿತ್ತ ಪ್ರಕೃತಿ, ಅದಕ್ಕೇ ಸಿಟ್ಟು ಬೇಗ ಬರುತ್ತದೆ” ಎನ್ನುತ್ತಾರೆ ಒಬ್ಬರು. “ನನ್ನದು ಕಫದ ಶರೀರ, ಬೆಳಿಗ್ಗೆ ಬೇಗ ಏಳಲಾಗದು” ಎನ್ನುತ್ತಾರೆ ಇನ್ನೊಬ್ಬರು. ಆಯುರ್ವೇದದ ಮಾತುಗಳು ಮನೆಮನೆಗೆ ತಲುಪಿರುವುದು ಸಂತೋಷದ ಸಂಗತಿಯೇ. ಆದರೆ ತಮ್ಮನ್ನು ತಿದ್ದಿಕೊಳ್ಳದಿರಲು ಅವೇ ನೆಪವಾಗುವುದು ತರವಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಕೃತಿಯೆಂಬುದು ಹುಟ್ಟಿನಿಂದಲೇ ಬಂದದ್ದು, ನಿಜ. ವಾತ, ಪಿತ್ತ, ಕಫಗಳ ಪ್ರಮಾಣಕ್ಕೆ ಅನುಗುಣವಾಗಿ ಒಬ್ಬೊಬ್ಬರ ಹಸಿವು, ನಿದ್ರೆ, ಮಾತು, ನಡೆ ಬೇರೆ ಬೇರೆಯಾಗಿರುತ್ತವೆ. ಎರೆಮಣ್ಣಿನ ಹೊಲ ಬೇರೆ, ಮಸಾರಿ ಹೊಲ ಬೇರೆ ಇದ್ದಂತೆ. ಹೊಲದಲ್ಲಿ ಕಳೆ ಹಬ್ಬಿದಾಗ ‘ಇದು ಮಣ್ಣಿನ ಗುಣ’ ಎಂದು ಯಾವ ರೈತನೂ ಕೈಕಟ್ಟಿ ಕೂಡುವುದಿಲ್ಲ. ಯಾವ ಮಣ್ಣಿನಲ್ಲಿ ಯಾವ ಕಳೆ ಹೆಚ್ಚೆಂಬುದನ್ನು ಅರಿತು ಮೊದಲೇ ಎಚ್ಚರ ವಹಿಸುತ್ತಾನೆ. ಪ್ರಕೃತಿಜ್ಞಾನದ ಉಪಯೋಗವೂ ಇಷ್ಟೇ.

ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಲ, ಮೂತ್ರ, ಸೀನು, ಹಸಿವೆ, ಬಾಯಾರಿಕೆ, ನಿದ್ರೆ ಮೊದಲಾದ 13 ವೇಗಗಳನ್ನು ತಡೆಯಬಾರದೆಂದು ಅಲ್ಲಿ ಹೇಳಿದೆ. ಅದರ ಬೆನ್ನಲ್ಲೇ ತಡೆಯಲೇಬೇಕಾದ ವೇಗಗಳ ಪಟ್ಟಿಯೂ ಇದೆ: ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ ಮುಂತಾದವು ಮನಸ್ಸಿನವು, ಕಟುಮಾತು, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ಮಾತು ನಾಲಿಗೆಯವು. ಪಿತ್ತ ಪ್ರಕೃತಿಯವರಿಗೆ ಕ್ರೋಧದಿಂದ ವಿನಾಯಿತಿಯುಂಟೆಂದು ಆಚಾರ್ಯರು ಎಲ್ಲಿಯೂ ಹೇಳಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶೋಕವು ತಡೆಯಬೇಕಾದವುಗಳ ಸಾಲಿನಲ್ಲಿದ್ದರೆ, ಕಣ್ಣೀರು ತಡೆಯಬಾರದ ಹದಿಮೂರರಲ್ಲಿ ಸೇರಿದೆ. ಕಣ್ಣೀರನ್ನು ತಡೆದವರಿಗೆ ನೆಗಡಿ, ನೇತ್ರರೋಗ, ಹೃದ್ರೋಗ, ಅರುಚಿಗಳು ಬರುತ್ತವೆಂದೂ, ನಿದ್ರೆ ಮತ್ತು ಪ್ರಿಯವಾದ ಮಾತುಕಥೆಗಳು ಅದಕ್ಕೆ ಹಿತವೆಂದೂ ಸಂಹಿತೆ ಹೇಳುತ್ತದೆ. ದುಃಖ ಬಂದಾಗ ಅಳಬೇಕು. ಆದರೆ ಆ ದುಃಖದಲ್ಲಿಯೇ ಮುಳುಗಿ ಊಟ, ನಿದ್ರೆ, ಕಾಯಕಗಳನ್ನು ಬಿಡಬಾರದು. “ಗಂಡಸಾಗಿ ಅಳುತ್ತೀಯಾ?” ಎಂದು ಮಕ್ಕಳನ್ನು ಗದರುವ ಹಿರಿಯರು ಇದನ್ನು ಗಮನಿಸಬೇಕು. ಅಳುವನ್ನು ತಡೆದು, ಸಿಟ್ಟನ್ನು ಹರಿಯಬಿಡುವ ನಮ್ಮ ಮನೆಗಳ ರೂಢಿ ಶಾಸ್ತ್ರಕ್ಕೆ ತೀರ ವಿರುದ್ಧವಾದುದು.

ಹಾಗಾದರೆ ಬೇರೂರಿದ ಅಭ್ಯಾಸವನ್ನು ಬಿಡುವುದು ಹೇಗೆ? ಅದೇ ಅಧ್ಯಾಯದಲ್ಲಿ ಉತ್ತರವಿದೆ. ಅಹಿತವಾದುದನ್ನು ಒಮ್ಮೆಲೇ ಬಿಡದೆ, ಕಾಲುಭಾಗದಂತೆ ಕ್ರಮವಾಗಿ ಬಿಡಬೇಕು. ಹಿತವಾದುದನ್ನೂ ಅದೇ ಕ್ರಮದಲ್ಲಿ ಹಿಡಿಯಬೇಕು. ಹೀಗೆ ಬಿಟ್ಟ ದೋಷ ಮರಳಿ ಬಾರದು, ಹೀಗೆ ಗಳಿಸಿದ ಗುಣ ಅಲುಗದು. ದಿನಕ್ಕೆ ನಾಲ್ಕು ಲೋಟ ಚಹಾ ಕುಡಿಯುವವರು ಮೊದಲು ಒಂದನ್ನು ಬಿಡಲಿ. ಅದು ರೂಢಿಯಾದ ಬಳಿಕ ಇನ್ನೊಂದನ್ನು. ಸಿಟ್ಟಿಗೂ ಈ ಕ್ರಮವೇ ಸಾಕು. ಊಟದ ಹೊತ್ತಿನಲ್ಲಿ ಮಾತ್ರ ದನಿ ಏರಿಸೆನೆಂದು ಮೊದಲ ವಾರ ನಿಶ್ಚಯಿಸಿರಿ. ಅದು ಕೈಗೂಡಿದ ಮೇಲೆ ಬೆಳಗಿನ ಹೊತ್ತನ್ನು ಸೇರಿಸಿರಿ. ಮದ್ಯಕ್ಕೆ ದಾಸರಾದವರು ಮಾತ್ರ ಸ್ವಂತ ಪ್ರಯೋಗಕ್ಕೆ ಇಳಿಯದೆ ವೈದ್ಯರ ನಿಗಾದಲ್ಲಿಯೇ ಅದನ್ನು ಬಿಡಬೇಕು.

‘ಸ್ವಭಾವ’ವೆಂಬ ಮಾತು ಕೆಲವೊಮ್ಮೆ ರೋಗವನ್ನೇ ಮರೆಮಾಡುತ್ತದೆ. ಸೋಮಾರಿಯೆಂದು ಬೈಸಿಕೊಳ್ಳುವ ಸೊಸೆಗೆ ರಕ್ತಹೀನತೆಯೋ ಥೈರಾಯ್ಡ್ ಕೊರತೆಯೋ ಇರಬಹುದು. ಸರಳ ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಎರಡು ವಾರ ಕಳೆದರೂ ಮಂಕು ಹರಿಯದೆ, ನಿದ್ರೆ ಆಹಾರಗಳು ಕೆಟ್ಟು, ಬದುಕೇ ಬೇಡವೆನಿಸಿದರೆ ಅದನ್ನು ವಾತದ ಮೇಲೆ ಹಾಕಿ ಸುಮ್ಮನಾಗಬೇಡಿರಿ. ಮನೋವೈದ್ಯರನ್ನು ಕಾಣಿರಿ. ಸರ್ಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿದರೂ ನೆರವು ದೊರೆಯುತ್ತದೆ. ಆಯುರ್ವೇದ ವೈದ್ಯನಾಗಿ ಈ ಮಾತನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

“ಸಿಟ್ಟು ನಮ್ಮ ಮನೆತನದ ಗುಣ” ಎಂದು ಹೆಮ್ಮೆಯಿಂದ ಹೇಳುವ ತಂದೆಯ ಮಾತನ್ನು ಪಕ್ಕದಲ್ಲಿಯೇ ನಿಂತ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ತಂದೆಯ ಮೈಬಣ್ಣವೋ ಎತ್ತರವೋ ರಕ್ತದಿಂದ ಬರಬಹುದು. ತಟ್ಟೆ ಎಸೆಯುವುದನ್ನು ಮಾತ್ರ ಮಗು ನೋಡಿಯೇ ಕಲಿಯುತ್ತದೆ. ಆದ್ದರಿಂದ ಸದ್ಭಕ್ತರಲ್ಲಿ ನನ್ನ ವಿನಂತಿ ಇಷ್ಟೇ: ಈ ತಿಂಗಳು ನಿಮ್ಮದೊಂದು ಅಭ್ಯಾಸವನ್ನು ಆರಿಸಿಕೊಳ್ಳಿರಿ, ಅದರ ಕಾಲುಭಾಗವನ್ನು ಮಾತ್ರ ಬಿಡಿರಿ. ಉಳಿದ ಮುಕ್ಕಾಲು ಭಾಗದ ಮಾತು ಮುಂದಿನ ತಿಂಗಳಿಗಿರಲಿ.