ಮೆದುಳಿಗೆ ಹತ್ತಿದರೆ ಬಾಗಿಲು ಬಂದ್

‘ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಗೆ ಇಷ್ಟು ದುಡ್ಡು ಸುರಿಯಬೇಕಾ?’ ಎಂದು ಕೇಳುವ ಅರ್ಥಶಾಸ್ತ್ರಜ್ಞರು ಈಗ ಬೀದಿಗೊಬ್ಬರು. ಅವರ ಮಾತಿಗೆ ತಲೆದೂಗಿದಂತಿದೆ ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿ.

ಗೌಚರ್ ಕಾಯಿಲೆಯನ್ನೇ ತೆಗೆದುಕೊಳ್ಳಿ. ಒಂದು ಬಗೆಯ ಕೊಬ್ಬನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಸಾಲದು. ಆ ಕೊಬ್ಬು ಗುಲ್ಮ, ಯಕೃತ್ತು, ಮೂಳೆಮಜ್ಜೆಯಲ್ಲಿ ತುಂಬಿಕೊಂಡು ಮಗುವಿನ ಹೊಟ್ಟೆ ಗುಡಾಣವಾಗುತ್ತದೆ. ಮೂರನೇ ಬಗೆಯದಾದರೆ ಮೆದುಳನ್ನೂ ಬಿಡದು. ಪಕ್ಕಕ್ಕೆ ನೋಡಲು ಕಣ್ಣು ಥಟ್ಟನೆ ಹೊರಳದೆ ಮಗು ತಲೆಯನ್ನೇ ಎಸೆದಂತೆ ತಿರುಗಿಸುತ್ತದೆ. ಮನೆಯವರು ಅದನ್ನು ಚೇಷ್ಟೆ ಅಂದುಕೊಳ್ಳುತ್ತಾರೆ. ಆಮೇಲೆ ಕೆಲವು ಮಕ್ಕಳಿಗೆ ಫಿಟ್ಸ್, ನಡೆದರೆ ತೂರಾಟ.

ನೀತಿ ಏನನ್ನುತ್ತದೆ? ಮೂರನೇ ಬಗೆಗೂ ನೆರವುಂಟು, ಆದರೆ ನರಗಳಿಗೆ ಹೆಚ್ಚು ಹಾನಿಯಾಗಿರಬಾರದು! ಕಾಯಿಲೆ ಗೊತ್ತಾಗುವುದೇ ತಡ, ಕಡತ ಕದಲುವುದು ಇನ್ನೂ ತಡ. ಅಷ್ಟರಲ್ಲಿ ಮೆದುಳು ಕೆಟ್ಟರೆ ತಪ್ಪು ಮಗುವಿನದು.

‘ಕೊರತೆ ತುಂಬುವ ಕಿಣ್ವದ ಔಷಧ ಮೆದುಳಿಗೆ ಇಳಿಯುವುದಿಲ್ಲವಲ್ಲ’ ಎನ್ನುತ್ತಾರೆ ಜಾಣರು. ಇಳಿಯುವುದಿಲ್ಲ, ಸರಿ. ಆದರೆ ಅದರಿಂದ ಗುಲ್ಮ ಕುಗ್ಗುತ್ತದೆ, ರಕ್ತ ಸುಧಾರಿಸುತ್ತದೆ, ಮೂಳೆಯ ನೋವು ತಗ್ಗುತ್ತದೆ. ಫಿಟ್ಸ್ ಬರುವ ಮಗು ಹೊಟ್ಟೆಯ ಭಾರವನ್ನೂ ಹೊತ್ತೇ ಇರಬೇಕೇ?

ಷರತ್ತು ದಾಟಿದವರಿಗೂ ಸಿಗುವುದೆಷ್ಟು? 2022ರ ತಿದ್ದುಪಡಿಯಂತೆ ಒಬ್ಬರಿಗೆ ಹೆಚ್ಚೆಂದರೆ 50 ಲಕ್ಷ ರೂಪಾಯಿ. 10 ಕಿಲೋ ತೂಕದ ಮಗುವಿಗೆ ಇಂಥ ಕೆಲವು ಕಾಯಿಲೆಗಳ ಚಿಕಿತ್ಸೆಗೆ ವರ್ಷಕ್ಕೆ 10 ಲಕ್ಷದಿಂದ 1 ಕೋಟಿಗೂ ಮೇಲೆ ಬೇಕು, ಅದೂ ಜೀವಮಾನವಿಡೀ ಎಂದು ಬರೆದಿರುವುದು ಅದೇ ನೀತಿಯಲ್ಲಿ! ಅಂದರೆ 50 ಲಕ್ಷ ಐದು ವರ್ಷಕ್ಕೆ ಬಂದರೆ ಪುಣ್ಯ, ಇಲ್ಲವೇ ಆರೇ ತಿಂಗಳು. ತೂಕ ನೋಡಿ ಔಷಧ ಕೊಡುವುದರಿಂದ ಮಗು ಬೆಳೆದಷ್ಟೂ ಖರ್ಚು ಏರುತ್ತದೆ. ಉಂಡು ಬೆಳೆಯಬೇಡ ಕಂದ ಅನ್ನೋಣವೇ?

ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ಕೊರೆಯಲು 17 ಸಾವಿರ ಕೋಟಿಗೂ ಹೆಚ್ಚು ಎಂದಾಗ ಈ ಲೆಕ್ಕಿಗರು ಎಲ್ಲಿದ್ದರೋ. ನಮ್ಮ ಹೇರೋಹಳ್ಳಿಯ ತಾಯಿಯೊಬ್ಬಳು ಇಂಥ ಮಗುವನ್ನು ಎತ್ತಿಕೊಂಡು ಹೊರಟರೆ ಮಾಗಡಿ ರಸ್ತೆಯ ಟ್ರಾಫಿಕ್‌ನಲ್ಲಿ ಬೆಂದು, ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ, ನಿಮ್ಹಾನ್ಸ್ ಕಡೆಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮುಟ್ಟಬೇಕು. ಅವಳಿಗಾಗಿ ಯಾರೂ ಸುರಂಗ ತೋಡುವುದಿಲ್ಲ. ಬದಲಿಗೆ ‘ಸೋದರಮಾವನನ್ನು ಕಟ್ಟಿಕೊಂಡಿದ್ದಕ್ಕೆ ಹೀಗಾಯ್ತು’ ಎಂಬ ಬಿಟ್ಟಿ ಉಪದೇಶ. ನೆಂಟಸ್ತಿಕೆಯಿಲ್ಲದ ದಂಪತಿಯಲ್ಲೂ ಇಬ್ಬರೂ ಆ ದೋಷದ ವಂಶವಾಹಿ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ ಇದ್ದದ್ದೇ.

ಆ ನರಹಾನಿಯ ಷರತ್ತನ್ನು ಕಿತ್ತುಹಾಕಿ. ಔಷಧದಿಂದ ಪ್ರಯೋಜನ ಇದೆಯೋ ಇಲ್ಲವೋ ಎಂಬುದನ್ನು ಮಗುವನ್ನು ಮುಟ್ಟಿ ನೋಡಿದ ವೈದ್ಯರು ಹೇಳಲಿ. ಮತ್ತೆ 50 ಲಕ್ಷ ಮುಗಿದ ಮರುದಿನ ಆ ತಾಯಿ ಏನು ಮಾಡಬೇಕೆಂದು ಆರೋಗ್ಯ ಸಚಿವಾಲಯ ಲಿಖಿತವಾಗಿ ತಿಳಿಸಲಿ.